ಗಟ್ಟಿಯಾಗುವಾಗ ಕಾಂಕ್ರೀಟ್ ಎಷ್ಟು ಬಿಸಿಯಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದೇ?

ಹಾಕಬಹುದು. ಒಂದು ಘನ ಮೀಟರ್ ಕಾಂಕ್ರೀಟಿನಲ್ಲಿರುವ ಸಿಮೆಂಟು ಬಿಡುವ ಒಟ್ಟು ಶಾಖವನ್ನು, ಅಷ್ಟೂ ಕಾಂಕ್ರೀಟನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖದಿಂದ ಭಾಗಿಸಿದರೆ ಗರಿಷ್ಠ ಏರಿಕೆ ಸಿಗುತ್ತದೆ.

ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಂದಿಗೆ ರಾಸಾಯನಿಕವಾಗಿ ಸೇರಿ. ಶಾಖ ಹುಟ್ಟುವುದು ಈ ಕ್ರಿಯೆಯಲ್ಲೇ. ಘನ ಮೀಟರಿಗೆ 350 ಕಿಲೋ ಸಿಮೆಂಟು ಹಾಕಿದ್ದೀರಿ, ಪ್ರತಿ ಕಿಲೋ 350 ಕಿಲೋಜೂಲ್ ಬಿಡುತ್ತದೆ ಎಂದುಕೊಳ್ಳಿ. ಒಟ್ಟು 1,22,500 ಕಿಲೋಜೂಲ್. ಕಾಂಕ್ರೀಟಿನ ತೂಕ ಸುಮಾರು 2,400 ಕಿಲೋ. ಪ್ರತಿ ಕಿಲೋವನ್ನು ಒಂದು ಡಿಗ್ರಿ ಏರಿಸಲು ಹೆಚ್ಚುಕಡಿಮೆ 1 ಕಿಲೋಜೂಲ್ ಬೇಕು. ಭಾಗಿಸಿದರೆ 51 ಡಿಗ್ರಿ ಸೆಲ್ಸಿಯಸ್. ಸುರಿಯುವಾಗ 25 ಡಿಗ್ರಿ ಇದ್ದದ್ದು 76ಕ್ಕೆ ಏರಬಹುದು!

ಇದು ಶಾಖ ಒಂದಿಷ್ಟೂ ಹೊರಹೋಗದಿದ್ದಾಗಿನ ಲೆಕ್ಕ. ತೆಳು ಸ್ಲ್ಯಾಬ್ ಬೇಗ ತಣಿಯುತ್ತದೆ, ಅಷ್ಟು ಏರುವುದೇ ಇಲ್ಲ. ದಪ್ಪ ಅಡಿಪಾಯದ ಅಥವಾ ಅಣೆಕಟ್ಟಿನ ನಡುಭಾಗ ಮಾತ್ರ ಈ ಅಂಕಿಯ ಹತ್ತಿರ ಬರುತ್ತದೆ. ಅಂಥ ಕಡೆ ಗಂಟೆ ಗಂಟೆಗೆ ಹುಟ್ಟುವ ಶಾಖದಿಂದ ಹೊರಹೋಗುವುದನ್ನು ಕಳೆಯುತ್ತಾ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಬಿಸಿ ಏರಿದಷ್ಟೂ ಕ್ರಿಯೆಯೂ ಚುರುಕಾಗುವುದರಿಂದ ಪ್ರತಿ ಹಂತದಲ್ಲೂ ವೇಗವನ್ನು ತಿದ್ದಬೇಕು. ಈ ತಿದ್ದುಪಡಿ ಬಿಟ್ಟರೆ ಬಿಸಿ ಯಾವಾಗ ತುತ್ತತುದಿಗೆ ಹೋಗುತ್ತದೆ ಎಂಬುದೇ ತಪ್ಪಾಗುತ್ತದೆ.

ನನ್ನ ಮಟ್ಟಿಗೆ, ಗರಿಷ್ಠ ಬಿಸಿಯಷ್ಟೇ ಗಮನವನ್ನು ಒಳಗಿನ ಮತ್ತು ಮೇಲ್ಮೈಯ ಬಿಸಿಯ ಅಂತರಕ್ಕೂ ಕೊಡಬೇಕು. ಅದು ಸುಮಾರು 20 ಡಿಗ್ರಿ ದಾಟಿದರೆ ಮೇಲ್ಮೈ ಬಿರುಕು ಬಿಡುವ ಅಪಾಯವಿದೆ. ಸಿಮೆಂಟಿನ ಒಂದು ಪಾಲಿನ ಬದಲು ಹಾರುಬೂದಿ (ಕಲ್ಲಿದ್ದಲು ಉರಿಸಿದಾಗ ಸಿಗುವ ನುಣ್ಣನೆಯ ಬೂದಿ) ಬಳಸಿದರೆ ಏರಿಕೆ ತಗ್ಗುತ್ತದೆ.