ಸಿ, ಅಸೆಂಬ್ಲಿ ಎರಡೂ ಎರರ್ ಇಲ್ಲದೆ ಕಂಪೈಲ್ ಆಗ್ತದೆ, ಲಿಂಕ್ ಮಾತ್ರ ಆಗುವುದಿಲ್ಲ, ಯಾಕೆ?

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಉಂಟು. ನೀವು ಬರೆಯುವ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬೂಟ್ ಭಾಗ ‘ಕರ್ನಲ್.ಎಎಸ್‌ಎಂ’, ಸಿ ಭಾಗ ‘ಕರ್ನಲ್.ಸಿ’, ಮೊದಲು ಜಿಸಿಸಿ (ಸಿ ಕಂಪೈಲರ್), ಆಮೇಲೆ ನಾಸ್ಮ್ (ಅಸೆಂಬ್ಲರ್), ಕೊನೆಗೆ ‘ಕರ್ನಲ್.ಓ’ (ಕಂಪೈಲ್ ಆಗಿ ಸಿಗುವ ಆಬ್ಜೆಕ್ಟ್ ಫೈಲು) ಲಿಂಕ್ ಮಾಡಿದರೆ ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಕರ್ನಲ್_ಮೇನ್’ ಬರ್ತದೆ, ಎಕ್ಸ್‌ಟರ್ನ್ (ಹೆಸರು ಬೇರೆ ಫೈಲಿನಲ್ಲಿ ಉಂಟು ಅನ್ನುವ ಸೂಚನೆ) ಹಾಕಿದ್ದೇನೆ, ಸ್ಪೆಲಿಂಗೂ ಸರಿ ಉಂಟು ಅಂತ ಬರೆದಿದ್ದೀರಿ. ಎರಡು ಫೈಲಿನಿಂದಲೂ ಹುಟ್ಟುವುದು ಒಂದೇ ಹೆಸರಿನ ‘ಕರ್ನಲ್.ಓ’ ಅಲ್ಲವಾ? ಜಿಸಿಸಿ ಬರೆದದ್ದರ ಮೇಲೆಯೇ ನಾಸ್ಮ್ ಬರೆದು ಹಾಕಿತು. ಅಸೆಂಬ್ಲಿ ಫೈಲನ್ನು ‘ಬೂಟ್.ಎಎಸ್‌ಎಂ’ ಮಾಡಿ, ಬೂಟ್.ಓ, ಕರ್ನಲ್.ಓ ಎರಡನ್ನೂ ಲಿಂಕರ್ ಆದ ಎಲ್‌ಡಿಗೆ ಕೊಡಿ.

ಇಷ್ಟು ಧೈರ್ಯದಲ್ಲಿ ಹೇಳುವುದು ನಾನೂ ಇದೇ ಗುಂಡಿಗೆ ಬಿದ್ದವನಾದ ಕಾರಣ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಲ್ಲಿ ಜುಲೈ ತಿಂಗಳ ಮಳೆ, ಕರೆಂಟು ಬಂದರೆ ಬಂತು. ಹಗಲಿಡೀ ಅಡಿಕೆಗೆ ಮದ್ದು ಬಿಡುವವರ ಹಿಂದೆ ಓಡಾಟ, ರಾತ್ರಿ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕರ್ನಲ್. ಮೂರು ರಾತ್ರಿ ಸಿ ಕೋಡನ್ನೇ ತಿದ್ದಿದೆ. ನನ್ನದು ಮೇಕ್‌ಫೈಲ್ ಆದ್ದರಿಂದ ಇನ್ನೂ ಫಜೀತಿ: ಕರ್ನಲ್.ಓ ಮಾಡಲಿಕ್ಕೆ ಎರಡು ಪ್ಯಾಟರ್ನ್ ರೂಲ್ (ಸಿಗೊಂದು, ಅಸೆಂಬ್ಲಿಗೊಂದು) ಇದ್ದರೆ ಬಿಲ್ಡ್ ಮಾಡುವ ಮೇಕ್ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಸುಮ್ಮನೆ ಬಿಡ್ತದೆ. ನಾಲ್ಕನೇ ದಿನ ಅಪ್ಪಿತಪ್ಪಿ ಒಂದು ಸೆಮಿಕೋಲನ್ ಬಿಟ್ಟುಹೋಯಿತು, ಜಿಸಿಸಿ ಬೈಯಲೇ ಇಲ್ಲ. ಆಗ ಗೊತ್ತಾಯಿತು ಮಾರಾಯ್ರೆ, ಆ ಸಿ ಫೈಲು ಕಂಪೈಲೇ ಆಗ್ತಾ ಇರಲಿಲ್ಲ!

ಅಂದಿನಿಂದ ನಾನು ಸೋರ್ಸನ್ನು ನೋಡುವ ಮೊದಲು .ಓ ಫೈಲನ್ನು ಕೇಳುವುದು. ‘ಎನ್‌ಎಂ ಕರ್ನಲ್.ಓ’ ಅಂತ ಕೊಡಿ, ಅದು ಫೈಲಿನಲ್ಲಿರುವ ಹೆಸರುಗಳ ಪಟ್ಟಿ ತೋರಿಸ್ತದೆ. ಫಂಕ್ಷನ್ ಹೆಸರಿನ ಎದುರು ದೊಡ್ಡ ‘ಟಿ’ ಇದ್ದರೆ ಅದು ಅಲ್ಲೇ ಉಂಟು. ‘ಯು’ ಇದ್ದರೆ ಬೇರೆ ಕಡೆಯಿಂದ ಬರಬೇಕು. ಸಣ್ಣ ‘ಟಿ’ ಕಂಡರೆ ಆ ಹೆಸರು ಹೊರಗಿನವರಿಗೆ ಕಾಣುವುದಿಲ್ಲ: ನಾಸ್ಮ್‌ನಲ್ಲಿ ಗ್ಲೋಬಲ್ ಮರೆತಿರ್ತೀರಿ, ಸಿಯಲ್ಲಾದರೆ ಸ್ಟ್ಯಾಟಿಕ್ ಹಾಕಿರ್ತೀರಿ. ನಿಮ್ಮ ಈಗಿನ ಫೈಲಿನಲ್ಲಿ ಕರ್ನಲ್_ಮೇನ್ ಎದುರು ‘ಯು’ ಮಾತ್ರ ಇರಬೇಕು.

ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಬಸ್ಸಿನ ಬೋರ್ಡಿನಲ್ಲಿ ಮಲಯಾಳದಲ್ಲಿ ‘ಕುಂಬಳ’ ಅಂತ ಇದ್ದರೂ ನಾವು ಕುಂಬಳೆ ಬಸ್ಸು ಅಂತ ಹತ್ತುತ್ತೇವೆ, ಲಿಂಕರ್ ಹತ್ತುವುದಿಲ್ಲ. ಮುಂದೆ ಸಿ++ಗೆ ಹೋದರೆ ಕಂಪೈಲರ್ ಅದೇ ಹೆಸರನ್ನು ‘_ಝಡ್11ಕರ್ನಲ್_ಮೇನ್‌ವಿ’ ಅಂತ ತಿರುಚಿ ಇಡ್ತದೆ, ಆಗ ಎಕ್ಸ್‌ಟರ್ನ್ "ಸಿ" ಬೇಕು.

ಹೆಸರು ಬದಲಿಸಿದ ಮೇಲೆ ಬೇರೆ ಎರರ್ ಬಂದರೆ ಹೆದರಬೇಡಿ. ಐ386 (32 ಬಿಟ್), ಎಕ್ಸ್86-64 (64 ಬಿಟ್) ಹೊಂದುವುದಿಲ್ಲ ಅಂದರೆ ನಾಸ್ಮ್‌ಗೆ ಇಎಲ್‌ಎಫ್32, ಜಿಸಿಸಿಗೆ ಎಂ32, ಎಲ್‌ಡಿಗೆ ಇಎಲ್‌ಎಫ್_ಐ386, ಮೂರರಲ್ಲಿ ಯಾವುದೋ ಬಿಟ್ಟುಹೋಗಿದೆ. ‘ಸ್ಟ್ಯಾಕ್_ಸಿಎಚ್‌ಕೆ_ಫೇಲ್’ ಕೇಳಿದರೆ ಜಿಸಿಸಿಗೆ ‘-ಎಫ್‌ನೋ-ಸ್ಟ್ಯಾಕ್-ಪ್ರೊಟೆಕ್ಟರ್’ ಕೊಡಿ. ನೀವು ಎಲ್ಲೂ ಕರೆಯದ, ಮೆಮೊರಿ ತುಂಬಿಸುವ ಫಂಕ್ಷನ್ ಮೆಮ್‌ಸೆಟ್ ಬೇಕು ಅಂತ ಹಟ ಹಿಡಿದರೆ ಅದು ಜಿಸಿಸಿಯೇ ಸೇರಿಸಿದ್ದು, ಫ್ರೀಸ್ಟ್ಯಾಂಡಿಂಗ್ (ಲೈಬ್ರರಿ ಇಲ್ಲದೆ) ಅಂದರೂ ಬಿಡುವುದಿಲ್ಲ, ನಾಲ್ಕು ಸಾಲಿನದ್ದೊಂದು ನೀವೇ ಬರೆದುಬಿಡಿ. ಲಿಂಕ್ ಆದ ಮೇಲೂ ಬೂಟ್‌ಲೋಡರ್ ಗ್ರಬ್ ‘ಮಲ್ಟಿಬೂಟ್ ಹೆಡರ್ (ಕರ್ನಲನ್ನು ಗುರುತಿಸುವ ಗುರುತು) ಇಲ್ಲ’ ಅಂದರೆ, ಲಿಂಕರ್ ಸ್ಕ್ರಿಪ್ಟಿನಲ್ಲಿ ಆ ಸೆಕ್ಷನ್ನನ್ನು ಎಲ್ಲಕ್ಕಿಂತ ಮೊದಲು ಇಡಿ; ಹೆಡರ್ ಫೈಲಿನ ಮೊದಲ 8192 ಬೈಟಿನೊಳಗೆ ಇರಬೇಕು.

ಹಳೇ .ಓ ಫೈಲುಗಳನ್ನು ಅಳಿಸಿಯೇ ಮತ್ತೆ ಬಿಲ್ಡ್ ಮಾಡಿ. ಆಗಲೂ ಆಗದಿದ್ದರೆ ಎರಡೂ .ಓಗಳ ಎನ್‌ಎಂ ಔಟ್‌ಪುಟ್ ಹಾಕಿ, ನೋಡುವ.