ಕಸಿ ಕಿಡ್ನಿ ರಿಜೆಕ್ಷನ್: ಬಯಾಪ್ಸಿ ಇಲ್ಲದೆ ಇಂಜೆಕ್ಷನ್ ಹಾಕಿಸಬಹುದೆ?

ತಂದೆಯವರಿಗೆ ಕಸಿಯಾಗಿ 7 ತಿಂಗಳು, 1.2 ಇದ್ದ ಕ್ರಿಯೇಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಲ್ಮಶ) ಈಗ 1.9, ಡಾಕ್ಟರು ಬಯಾಪ್ಸಿ (ಕಿಡ್ನಿಯ ತುಣುಕು ತೆಗೆದು ನೋಡುವ ಪರೀಕ್ಷೆ) ಅಂತಿದ್ದಾರೆ, ನೇರವಾಗಿ ಸ್ಟೀರಾಯ್ಡ್ ಹಾಕಿಸಿದರೆ ಸಾಲದೆ ಅಂತ ಕೇಳಿದ್ದೀರಿ. ಬಯಾಪ್ಸಿ ಮಾಡಿಸಿ ಅಂತಲೇ ನಾನೂ ಹೇಳೋದು.

ಕ್ರಿಯೇಟಿನಿನ್ ಏರಿದ್ದೆಲ್ಲ ರಿಜೆಕ್ಷನ್ (ದೇಹ ಕಸಿ ಕಿಡ್ನಿಯನ್ನು ತಿರಸ್ಕರಿಸುವುದು) ಅಲ್ಲ. ಭೇದಿಯಾಗಿ ನೀರಿನಂಶ ಕಡಿಮೆಯಾದರೂ, ಮೂತ್ರದಲ್ಲಿ ಸೋಂಕಾದರೂ, ಮೂತ್ರನಾಳ ಕಟ್ಟಿಕೊಂಡರೂ ಏರುತ್ತದೆ. ರಿಜೆಕ್ಷನ್ ತಡೆಯುವ ಮಾತ್ರೆ ಟ್ಯಾಕ್ರೊಲಿಮಸ್ ರಕ್ತದಲ್ಲಿ ಹೆಚ್ಚಾದರೂ ಅಷ್ಟೆ. ಇವಕ್ಕಿಂತ ಕಷ್ಟದ್ದು ಬಿಕೆ ವೈರಸ್, ಅಂದರೆ ರೋಗನಿರೋಧಕ ಶಕ್ತಿ ತಗ್ಗಿದಾಗ ಕಸಿ ಕಿಡ್ನಿಯನ್ನು ಹಾಳುಮಾಡುವ ವೈರಸ್. ರಿಜೆಕ್ಷನ್‌ಗೆ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸಬೇಕು, ಬಿಕೆಗೆ ಆ ಶಕ್ತಿ ತಗ್ಗಿಸುವ ಮಾತ್ರೆಗಳನ್ನೇ ಇಳಿಸಬೇಕು. ಊಹೆಯ ಮೇಲೆ ಸ್ಟೀರಾಯ್ಡ್ ಹಾಕಿ ಅದು ಬಿಕೆ ಆಗಿದ್ದರೆ, ಕಿಡ್ನಿಯನ್ನು ನಾವೇ ವೈರಸ್‌ಗೆ ಒಪ್ಪಿಸಿದ ಹಾಗೆ.

ಟ್ಯಾಕ್ರೊಲಿಮಸ್ ಲೆವೆಲ್ ನೋಡಲು ರಕ್ತ ಯಾವಾಗ ಕೊಟ್ಟಿರಿ ನೋಡಿಕೊಳ್ಳಿ. ರಾತ್ರಿಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ, ಬೆಳಗಿನ ಮಾತ್ರೆ ನುಂಗುವ ಮೊದಲು ರಕ್ತ ಕೊಡಬೇಕು. ನುಂಗಿ ಹೋದರೆ ಲೆವೆಲ್ ಸುಳ್ಳೇ ಹೆಚ್ಚು ಬರುತ್ತದೆ, ಅದನ್ನು ನಂಬಿ ಡೋಸ್ ಇಳಿಸಿದರೆ ನಿಜವಾದ ರಿಜೆಕ್ಷನ್‌ಗೆ ದಾರಿ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್ ಲೆವೆಲ್ ಇಳಿಸುತ್ತವೆ. ಕ್ಲಾರಿಥ್ರೋಮೈಸಿನ್, ಫ್ಲುಕೊನಜೋಲ್ ಏರಿಸುತ್ತವೆ. ಇತ್ತೀಚೆಗೆ ಶುರುಮಾಡಿದ ಮಾತ್ರೆ, ನೋವಿನ ಗುಳಿಗೆ, ನಾಟಿ ಔಷಧಿ, ಬದಲಾದ ಮಾತ್ರೆ ಕಂಪನಿ, ಎಲ್ಲವನ್ನೂ ಬರೆದುಕೊಂಡು ಹೋಗಿ.

ಬಯಾಪ್ಸಿಗೆ ಅಷ್ಟು ಹೆದರಬೇಕಿಲ್ಲ. ಕಸಿ ಕಿಡ್ನಿ ಕಿಬ್ಬೊಟ್ಟೆಯಲ್ಲಿ ಚರ್ಮಕ್ಕೆ ಹತ್ತಿರವೇ ಇರುತ್ತದೆ. ಅಲ್ಲಿಗೆ ಮಾತ್ರ ಮರಗಟ್ಟಿಸಿ, ಸ್ಕ್ಯಾನಿಂಗ್ ನೋಡುತ್ತ ಸೂಜಿಯಲ್ಲಿ ದಾರದೆಳೆಯಂಥ ಒಂದೆರಡು ತುಣುಕು ತೆಗೆಯುತ್ತಾರೆ. ಆಮೇಲೆ ಕೆಲವು ಗಂಟೆ ಮಲಗಿರಬೇಕು. ಮೂತ್ರ ಸ್ವಲ್ಪ ಕೆಂಪಾಗಬಹುದು. ಹೆಪ್ಪು ಬಿದ್ದರೆ, ಮೂತ್ರ ಕಟ್ಟಿದರೆ ತಕ್ಷಣ ನರ್ಸ್‌ಗೆ ಹೇಳಿ. ಆಸ್ಪಿರಿನ್, ಕ್ಲೋಪಿಡೊಗ್ರೆಲ್ ತಗೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಟಿ ಕೋಶದ (ಒಂದು ಬಗೆಯ ಬಿಳಿ ರಕ್ತಕಣದ) ರಿಜೆಕ್ಷನ್ ಅಂತ ಬಂದರೆ ಮೀಥೈಲ್‌ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್, ಸಾಮಾನ್ಯವಾಗಿ ದಿನಕ್ಕೆ 500 ಮಿ.ಗ್ರಾಂ, 3 ದಿನ ಡ್ರಿಪ್‌ನಲ್ಲಿ. ಆ ದಿನಗಳಲ್ಲಿ ಶುಗರ್ ಇಲ್ಲದವರಿಗೂ ಶುಗರ್ ಏರುತ್ತದೆ, ನಿದ್ದೆ ಹತ್ತುವುದಿಲ್ಲ. ವಾರದೊಳಗೆ ಕ್ರಿಯೇಟಿನಿನ್ ಇಳಿಯದಿದ್ದರೆ, ಅಥವಾ ಬಯಾಪ್ಸಿಯಲ್ಲಿ ರಕ್ತನಾಳಕ್ಕೇ ಏಟು ಬಿದ್ದಿದ್ದರೆ, ಎಟಿಜಿ (ಟಿ ಕೋಶಗಳನ್ನು ನಾಶಮಾಡುವ ಔಷಧಿ): ತೂಕದ ಕೆಜಿಗೆ ಸುಮಾರು 1.5 ಮಿ.ಗ್ರಾಂನಂತೆ 5ರಿಂದ 7 ದಿನ. ಮೊದಲ ಡೋಸ್‌ಗೆ ಚಳಿಜ್ವರ ಬರುವುದುಂಟು. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಕುಸಿಯುತ್ತವೆ, ಅದಕ್ಕೇ ದಿನವೂ ರಕ್ತ ನೋಡೋದು.

ಪ್ರತಿಕಾಯದ (ಆಂಟಿಬಾಡಿಯ) ರಿಜೆಕ್ಷನ್ ಬೇರೆಯೇ ಕಥೆ. ಸ್ಟೀರಾಯ್ಡ್ ಒಂದರಿಂದಲೇ ಬಗ್ಗುವುದಿಲ್ಲ. ದಾನಿಯ ವಿರುದ್ಧದ ಪ್ರತಿಕಾಯವನ್ನು ರಕ್ತದಲ್ಲಿ ಅಳೆದು, ಪ್ಲಾಸ್ಮಾ (ರಕ್ತದ ದ್ರವಭಾಗ) ಬದಲಾವಣೆ ದಿನ ಬಿಟ್ಟು ದಿನ ಹಲವು ಸಲ ಮಾಡಿ, ಐವಿಐಜಿ (ಆರೋಗ್ಯವಂತರ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್) ಕೊಡುತ್ತಾರೆ. ಕೆಲವರಿಗೆ ಪ್ರತಿಕಾಯ ತಯಾರಿಕೆ ತಗ್ಗಿಸುವ ರಿಟುಕ್ಸಿಮಾಬ್ ಕೂಡ. ಖರ್ಚು ಹೆಚ್ಚು, ಫಲ ಅಷ್ಟು ಖಚಿತವಲ್ಲ.

ಯಾವ ಚಿಕಿತ್ಸೆಯಾದರೂ ಸೋಂಕು ತಡೆಯುವ ಮಾತ್ರೆಗಳಾದ ಸೆಪ್ಟ್ರಾನ್, ವ್ಯಾಲ್‌ಗ್ಯಾನ್ಸಿಕ್ಲೊವಿರ್ ಮತ್ತೆ ಶುರುಮಾಡಬೇಕೆ ಅಂತ ಕೇಳಿ. ಆಮೇಲಿನ ಕೆಲವು ತಿಂಗಳು ಜ್ವರ 100 ದಾಟಿದರೆ ಮನೆಯಲ್ಲಿ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ, ಆ ರಾತ್ರಿಯೇ ಕಸಿ ವಿಭಾಗಕ್ಕೆ ಫೋನ್ ಮಾಡಿ.