ಇಮ್ಯಾಟಿನಿಬ್‌ನಿಂದ ಅಪ್ಪನ ಕಣ್ಣು, ಕಾಲು ಊದಿಕೊಳ್ಳುತ್ತಿವೆ. ಡಾಸಾಟಿನಿಬ್‌ಗೆ ಬದಲಾಯಿಸುವುದು ಒಳ್ಳೆಯದೇ, ನೆಗ್ಗಿಲು ಮುಳ್ಳಿನ ಕಷಾಯ ಸಾಕೇ?

ನನಗೂ ಸಿಎಂಎಲ್, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ನಾನೂ ಅದಕ್ಕೆ ಕೊಡುವ ಇಮ್ಯಾಟಿನಿಬ್ ಮಾತ್ರೆ 400 ಮಿಲಿಗ್ರಾಂ ನುಂಗಿದವಳು. ಬೆಳಿಗ್ಗೆ ಕಣ್ಣ ಕೆಳಗೆ ಚೀಲ ಕಟ್ಟಿಕೊಂಡೇ ಶಾಲೆಗೆ ಹೋಗುತ್ತಿದ್ದೆ, "ಯಾಕೆ ಮೇಡಂ, ರಾತ್ರಿಯೆಲ್ಲ ಅತ್ತಿದ್ದೀರಾ?" ಎಂದು ಕೇಳುತ್ತಿದ್ದರು. ರಕ್ತದಲ್ಲಿ ಕಾಯಿಲೆ ಎಷ್ಟು ಉಳಿದಿದೆ ಎಂದು ತೋರಿಸುವ ಬಿಸಿಆರ್-ಎಬಿಎಲ್ ಪ್ರಮಾಣ ಇಳಿಯಬೇಕಾದಷ್ಟು ಇಳಿಯಲಿಲ್ಲವೆಂದು ಡಾಕ್ಟರೇ ಅದೇ ಕಾಯಿಲೆಯ ಇನ್ನೊಂದು ಮಾತ್ರೆಯಾದ ಡಾಸಾಟಿನಿಬ್‌ಗೆ ಹಾಕಿದರು. ಕಣ್ಣಿನ ಊತ ಹೋಯಿತು, ನನಗೆ ಖುಷಿಯೋ ಖುಷಿ.

ಆಮೇಲೆ ಒಣಕೆಮ್ಮು ಹತ್ತಿಕೊಂಡಿತು. ಮೆಟ್ಟಿಲು ಹತ್ತಿದರೆ ಏದುಸಿರು, ಎರಡು ದಿಂಬು ಇಟ್ಟುಕೊಂಡರೆ ಮಾತ್ರ ನಿದ್ದೆ. ಮಗಳಿಗೆ ಗಂಡು ನೋಡುತ್ತಿದ್ದ ಕಾಲ ಅದು. ನನ್ನ ಕಾಯಿಲೆ ಊರಲ್ಲಿ ಯಾರಿಗೂ ಗೊತ್ತಾಗಬಾರದು ಎಂದು ಹಟ ಹಿಡಿದಿದ್ದೆ. ಊರಿನ ಡಾಕ್ಟರು "ಬೇರೆ ಏನಾದರೂ ಮಾತ್ರೆ ತಗೋತೀರಾಮ್ಮಾ?" ಎಂದು ನೇರವಾಗಿಯೇ ಕೇಳಿದರು. ಕಾಂಪೌಂಡರ್ ನಮ್ಮ ಬೀದಿಯ ಹುಡುಗ, ಪಕ್ಕದಲ್ಲೇ ನಿಂತಿದ್ದ. ಇಲ್ಲ ಅಂದುಬಿಟ್ಟೆ.

ಅದರಿಂದ ಏನೇನಾಯಿತು ಎಂದು ಬಿಡಿಸಿಯೇ ಹೇಳುತ್ತೇನೆ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗೆ ಮುಚ್ಚಿಹೋಗಿತ್ತು, ಪೊರೆಯಲ್ಲಿ ನೀರು ತುಂಬಿತ್ತು. ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂರಿಸಿ, ಬೆನ್ನಿಗೆ ಸೂಜಿ ಹಾಕಿ ತೆಗೆದರು. ತಿಳಿ ಹಳದಿ ನೀರು. ಅದರಲ್ಲಿ ಪ್ರೋಟೀನ್ ಜಾಸ್ತಿ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಜಾಸ್ತಿ. ನಮ್ಮ ದೇಶದಲ್ಲಿ ಇಂಥ ರಿಪೋರ್ಟ್ ಕಂಡರೆ ಡಾಕ್ಟರಿಗೆ ಮೊದಲು ನೆನಪಾಗುವುದು ಟಿಬಿ. ಡಾಸಾಟಿನಿಬ್‌ನಿಂದ ತುಂಬುವ ನೀರೂ ಹೆಚ್ಚಾಗಿ ಹೀಗೇ ಇರುತ್ತದೆ, ಆದರೆ ಆ ಮಾತ್ರೆಯ ಹೆಸರೇ ಅವರ ಕಿವಿಗೆ ಬಿದ್ದಿರಲಿಲ್ಲ. ಟಿಬಿ ಔಷಧ ಶುರುವಾಯಿತು. ಅದರಲ್ಲಿರುವ ರಿಫಾಂಪಿಸಿನ್, ಲಿವರ್‌ನಲ್ಲಿ ಔಷಧಗಳನ್ನು ಒಡೆಯುವ ಕಿಣ್ವದ ಕೆಲಸ ಹೆಚ್ಚಿಸಿ, ರಕ್ತದಲ್ಲಿನ ಡಾಸಾಟಿನಿಬ್ ಪ್ರಮಾಣವನ್ನು ಶೇ. 80ರಷ್ಟು ಇಳಿಸಿಬಿಡುತ್ತದೆ. ದಿನಾ ತಪ್ಪದೆ ನುಂಗುತ್ತಿದ್ದೆ, ಮೈಗೆ ಹತ್ತುತ್ತಿರಲಿಲ್ಲ. ಮಾತ್ರೆಯ ಬಲ ಇಳಿದಾಗ ಎದೆಯ ನೀರೂ ಇಳಿಯಿತು. ಟಿಬಿ ಔಷಧ ಹಿಡಿಸಿತು ಎಂದು ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಮುಂದಿನ ರಕ್ತಪರೀಕ್ಷೆಯಲ್ಲಿ ಬಿಸಿಆರ್-ಎಬಿಎಲ್ ಮೇಲಕ್ಕೆ ಹೋಗಿತ್ತು. ನನ್ನ ರಕ್ತರೋಗ ತಜ್ಞರು ಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿದಾಗಲೇ ಗುಟ್ಟು ರಟ್ಟಾದದ್ದು. ಟಿಬಿ ಇಲ್ಲವೆಂದು ಖಚಿತ ಮಾಡಿಕೊಂಡು ಆ ಔಷಧ ಬಿಡಿಸಿದರು. ಡಾಸಾಟಿನಿಬ್ ಮತ್ತೆ ಮೈಗೆ ಹತ್ತಿದ್ದೇ ತಡ, ನೀರೂ ಮರಳಿತು. ಕೆಲವು ಕಾಲ ಮಾತ್ರೆ ನಿಲ್ಲಿಸಿ, ಮೂತ್ರ ಹೋಗುವ ಮಾತ್ರೆ ಮತ್ತು ಸ್ವಲ್ಪ ಸ್ಟೀರಾಯ್ಡ್ ಕೊಟ್ಟು, ಕಡಿಮೆ ಡೋಸಿನಲ್ಲಿ ಮತ್ತೆ ಶುರು ಮಾಡಿದರು. ಕಳೆದುಕೊಂಡ ನೆಲ ಮತ್ತೆ ಗಳಿಸಲು ತುಂಬ ಕಾಲ ಬೇಕಾಯಿತು.

ಆದ್ದರಿಂದ ಯಾವ ಮಾತ್ರೆಗೆ ಊತ ಕಡಿಮೆ ಎಂಬ ಲೆಕ್ಕಾಚಾರವನ್ನೇ ನಾನು ಒಪ್ಪುವುದಿಲ್ಲ. ಇಮ್ಯಾಟಿನಿಬ್‌ನಿಂದ ಕಣ್ಣ ಸುತ್ತ ಊದುವುದು ಬಹಳ ಜನರಿಗೆ ಆಗುವಂಥದ್ದು, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ. ಎರಡೂ ಮಾತ್ರೆಗಳನ್ನು ಹೋಲಿಸಿದ ದೊಡ್ಡ ಅಧ್ಯಯನದಲ್ಲಿ ಐದು ವರ್ಷಗಳಲ್ಲಿ ಎದೆಯಲ್ಲಿ ನೀರು ತುಂಬಿದ್ದು ಡಾಸಾಟಿನಿಬ್ ತೆಗೆದುಕೊಂಡವರಲ್ಲಿ ಶೇ. 28 ಮಂದಿಗೆ, ಇಮ್ಯಾಟಿನಿಬ್‌ನವರಲ್ಲಿ ಶೇ. 1ಕ್ಕಿಂತ ಕಡಿಮೆ. ಅಪ್ಪನ ಬಿಸಿಆರ್-ಎಬಿಎಲ್ ಚೆನ್ನಾಗಿ ಇಳಿಯುತ್ತಿದ್ದರೆ ಕಣ್ಣಿನ ಊತಕ್ಕಾಗಿ ಮಾತ್ರೆ ಬದಲಾಯಿಸಿ ಎಂದು ಡಾಕ್ಟರಿಗೆ ದುಂಬಾಲು ಬೀಳಬೇಡಿ. ನೀವಾಗಿಯೇ ನಿಲ್ಲಿಸುವುದಂತೂ ಬೇಡವೇ ಬೇಡ.

ಕಾಲಿನ ಊತದ ಬಗ್ಗೆ ಮಾತ್ರ ಕೇಳಲೇಬೇಕು. ಅವರು ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದರೆ ಅದರಿಂದಲೂ ಪಾದ ಊದುತ್ತದೆ. ಹೃದಯ, ಕಿಡ್ನಿಯನ್ನೂ ನೋಡಿಸಬೇಕಾಗಬಹುದು. ಕಷಾಯ ಕುಡಿಸಿ ಊತ ಇಳಿಸಿಬಿಟ್ಟರೆ ಕಾರಣ ಒಳಗೇ ಮುಚ್ಚಿಹೋಗುತ್ತದೆ, ನನಗೆ ಆದದ್ದೂ ಅದೇ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿಸಿ. ದಿನಾ ಬೆಳಿಗ್ಗೆ ತೂಕ ನೋಡಿ ಕ್ಯಾಲೆಂಡರಿನಲ್ಲೇ ಬರೆದಿಡಿ, ದಿಢೀರನೆ ಏರಿದರೆ ಫೋನ್ ಮಾಡಿ ತಿಳಿಸಿ. ನೆಗಡಿಗೆ ಹೋದರೂ ಇಮ್ಯಾಟಿನಿಬ್ ಚೀಟಿಯನ್ನು ಡಾಕ್ಟರ ಮುಂದೆ ಇಡಿ, ಯಾರು ಪಕ್ಕದಲ್ಲಿ ನಿಂತಿದ್ದರೂ ಸರಿ. ಮಲಗಿದಾಗ ಉಸಿರು ಕಟ್ಟಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಆವತ್ತೇ ಕರೆದುಕೊಂಡು ಹೋಗಿ.